ಈರಮ್ಮ ಮೇಡಂ ಉಡಿಯಲ್ಲಿ ತಂದದ್ದು

ಈರಮ್ಮ ಮೇಡಂ ತಣ್ಣನೆಯ ಕೈಯಿಂದ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಲ್ಯಾಬಿನ ಬಾಗಿಲು ತೆಗೆದವರೇ ಎರಡೂ ಕೈಗಳನ್ನು ಕಂಕುಳಲ್ಲಿ ಸಿಗಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಒಂದು ಗಳಿಗೆ ಸುಮ್ಮನೆ ನಿಲ್ಲುವರು. ಕೆಲಸ ಏನಿದ್ದರೂ ಆಮೇಲೆ. ಚಳಿಗಾಲದಲ್ಲಾದರೆ ಸರಿ ಅನ್ನಬಹುದು. ಸುರಪುರದ ಮೇ ತಿಂಗಳಲ್ಲಿ, ಕಲ್ಲಿನ ಗೋಡೆ ಕಾದು ಹಂಚಾದ ಹೊತ್ತಿನಲ್ಲೂ ಈ ಶಾಸ್ತ್ರ ತಪ್ಪುತ್ತಿರಲಿಲ್ಲ. ಹುಡುಗರು ಬೆನ್ನ ಹಿಂದೆ ಅವರ ಹಾಗೆಯೇ ಕಂಕುಳಿಗೆ ಕೈ ಕೊಟ್ಟು ನಿಂತು ನಗುತ್ತಿದ್ದರು. ಅವರಿಗೆ ಅದು ಗೊತ್ತಿತ್ತು. "ನಗ್ರಿ, ನಗ್ರಿ. ತಣ್ಣನ ಕೈಲೆ ಜೀವ ಮುಟ್ಟಬಾರ್ದು, ಅಷ್ಟ್ ಕಲ್ತ್ರ ಸಾಕು" ಅನ್ನುವರು. ಆ ಜೀವ ಗಾಜಿನ ಪಟ್ಟಿಯ ಮೇಲಿನ ಹನಿ ನೀರಿರಬಹುದು, ಸಹೋದ್ಯೋಗಿಯ ಮನೆಯ ಕೂಸಿರಬಹುದು, ನಮ್ಮ ಮನೆಯ ಜೋಳದ ಹಿಟ್ಟಿನ ಉಂಡೆಯೂ ಇರಬಹುದು. ಎಲ್ಲಕ್ಕೂ ಒಂದೇ ಮರ್ಯಾದೆ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಅವರು ಪ್ರಾಣಿಶಾಸ್ತ್ರ. ಊರು ಶಹಾಪುರ ತಾಲ್ಲೂಕಿನ ಸಗರ, ಒಕ್ಕಲುತನದ ಮನೆ. ಎತ್ತರದ ಆಳು, ಕಪ್ಪು ಮೈ, ಗಂಡಸರ ಅಳತೆಯ ಪಾದ. ಚಪ್ಪಲಿ ಅಂಗಡಿಯವನು ಹೆಂಗಸರ ಕಡೆಯಿಂದ ಎದ್ದು ಗಂಡಸರ ಕಡೆ ಹೋಗುವುದನ್ನು ನೋಡಿ ಅವರೇ ಮೊದಲು ನಗುತ್ತಿದ್ದರು. ಹೈದರಾಬಾದಿನಲ್ಲಿ ಬಹಳ ವರ್ಷ ಸಂಶೋಧನೆ ಮಾಡಿ, ಡಾಕ್ಟರೇಟ್ ತೆಗೆದುಕೊಂಡು, ಕೊನೆಗೆ ನಮ್ಮ ಕಾಲೇಜಿಗೆ ಬಂದು ಸೇರಿದ್ದರು. ಅಂಥವರು ಇಲ್ಲಿಗೆ ಯಾಕೆ ಬಂದರು ಎಂದು ಊರಿಗೆಲ್ಲ ಕುತೂಹಲ. ಅವರ ಉತ್ತರ ಒಂದೇ: "ಅಲ್ಲಿ ರೊಕ್ಕ ಮುಗೀತು, ಪ್ರಾಜೆಕ್ಟ್ ಮುಗೀತು. ಇಲ್ಲಿ ನೌಕರಿ ಕರೀತು. ಇದ್ರಾಗ ಏನ್ ಗುಟ್ಟದ?"

ಸಂಶೋಧನೆ ಯಾವುದರ ಮೇಲೆ ಎಂದು ಯಾರಾದರೂ ಕೇಳಿದರೆ ಅವರು ಸ್ಟಾಫ್ ರೂಮಿನಲ್ಲಿ, ಗಂಡಸರ ಎದುರಿಗೇ, ದನಿ ತಗ್ಗಿಸದೆ ಹೇಳುತ್ತಿದ್ದರು: "ಹೆಣ್ಮಕ್ಳ ಅಂಡಾಶಯದ ಮ್ಯಾಲ." ನಮ್ಮ ಇತಿಹಾಸದ ಮೇಷ್ಟ್ರಿಗೆ ಪ್ರತಿಸಲವೂ ಚಹಾ ನೆತ್ತಿಗೆ ಹತ್ತುತ್ತಿತ್ತು. ಇದೇ ಮಾತಿನಿಂದ ಅವರ ಲಗ್ನವೂ ಆಗಲಿಲ್ಲವಂತೆ. ಸಗರಕ್ಕೆ ಹೆಣ್ಣು ನೋಡಲು ಬಂದ ಒಬ್ಬ ದೊಡ್ಡ ಮನುಷ್ಯ "ಹುಡುಗಿ ಏನ್ ಓದಾಕತ್ತಾಳ?" ಎಂದು ಕೇಳಿದ. ಅಣ್ಣ ತಡವರಿಸಿದ. ಒಳಗಿನಿಂದ ಇವರೇ ಹೇಳಿದರು. ಬಂದವರು ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. "ಉಪ್ಪಿಟ್ಟು ಚಲೋ ಆಗಿತ್ತವಾ, ನಾನೇ ಮಾಡಿದ್ದೆ. ಅದರದೇ ಬ್ಯಾಸರ" ಎಂದು ನನಗೆ ಹೇಳಿದ್ದರು. ನಾನು ನಕ್ಕೆ. ಅವರು ನಗಲಿಲ್ಲ.

ಅವರ ಕೆಲಸ ನನಗೆ ಅರ್ಥವಾದದ್ದು ನಮ್ಮ ಅಡುಗೆಮನೆಯಲ್ಲಿ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವರು ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದರು. ಮಕ್ಕಳಾಗದ ಹೆಂಗಸರಿಗೆ ದವಾಖಾನೆಯಲ್ಲಿ ಅಂಡಾಶಯದಿಂದ ತತ್ತಿ ತೆಗೆಯುತ್ತಾರಂತೆ. ತತ್ತಿಯನ್ನು ಡಾಕ್ಟರು ತೆಗೆದುಕೊಂಡ ಮೇಲೆ ಅದರ ಸುತ್ತ ಇದ್ದ ನೀರು ಉಳಿಯುತ್ತದೆ. ಅದು ಮೋರಿಗೆ ಹೋಗುವ ನೀರು. ಆದರೆ ಅದರಲ್ಲಿ ತತ್ತಿಯನ್ನು ಸುತ್ತುವರಿದು ಕೂತಿದ್ದ ಜೀವಕೋಶಗಳು ಇರುತ್ತವೆ. ಆ ಹೆಂಗಸರನ್ನು ಕೇಳಿ, ಅವರು ಒಪ್ಪಿದರೆ, ಆ ನೀರನ್ನು ಈರಮ್ಮ ಮೇಡಂ ತಂದು, ಕೋಶಗಳನ್ನು ಬೇರೆ ಮಾಡಿ, ಗಾಜಿನ ತಟ್ಟೆಗಳಲ್ಲಿ ಸಾಕುತ್ತಿದ್ದರು.

"ನೋಡವಾ ನೀಲಮ್ಮ, ನಡುವ ತತ್ತಿ. ಸುತ್ತ ಈ ಕೋಶಗೋಳು, ಬಾಣಂತಿ ಸುತ್ತ ಮಂದಿ ಕುಂತಂಗ. ಇವೇ ತತ್ತೀನ ಸಾಕ್ತಾವಂತ ಎಲ್ಲಾರೂ ತಿಳ್ಕೊಂಡಾರ. ಖರೇ ಅಂದ್ರ ತತ್ತೀನೂ ಇವಕ್ಕ ಹುಕುಂ ಕಳಿಸ್ತದ. ಜರಾ ಗ್ರೋತ್ ಫ್ಯಾಕ್ಟರ್ ಅಂತ ಬೆಳಿಸೋ ಅಂಶ ಬಿಡ್ತದ. ಅದು ಬಂದು ತಾಕಿದ್ರ ಇವು ಒಂದು ಪ್ರೋಟೀನ್ ಬಿಡ್ತಾವ. ಕೂಸೇ ಮನಿ ಮಂದೀನ ಆಳಿದಂಗ."

ಆ ಪ್ರೋಟೀನು ರಕ್ತಕ್ಕೂ ಸೇರುತ್ತದೆ. ಅದನ್ನೇ ಅಳೆದು ಡಾಕ್ಟರುಗಳು ಅಂಡಾಶಯದಲ್ಲಿ ಇನ್ನೂ ಎಷ್ಟು ತತ್ತಿ ಉಳಿದಿವೆ ಎಂದು ಅಂದಾಜು ಹಾಕುತ್ತಾರೆ. ರಿಪೋರ್ಟಿನಲ್ಲಿ ಎಎಂಎಚ್ ಎಂದು ಬರೆದಿರುತ್ತದೆ. ಈಗ ನಮ್ಮ ಕಡೆಯ ಅಕ್ಷರ ಬಾರದ ಅತ್ತೆಯರ ಬಾಯಲ್ಲೂ ಈ ಮೂರು ಅಕ್ಷರ ಓಡಾಡುತ್ತವೆ, ಸೊಸೆಯ ಜಾತಕ ಕೇಳಿದ ಹಾಗೆ ಕೇಳುತ್ತಾರೆ. ಯಾವ ಗ್ರೋತ್ ಫ್ಯಾಕ್ಟರ್ ಹಾಕಿದರೆ ಕೋಶಗಳು ಈ ಪ್ರೋಟೀನನ್ನು ಹೆಚ್ಚು ಬಿಡುತ್ತವೆ, ಯಾವುದು ಹಾಕಿದರೆ ಕಡಿಮೆ ಎನ್ನುವುದು ಮೇಡಂ ಅವರ ಪ್ರಶ್ನೆ. ಆಯುಷ್ಯದ ಒಳ್ಳೆಯ ವರ್ಷಗಳನ್ನೆಲ್ಲ ಅದಕ್ಕೇ ಸುರಿದಿದ್ದರು.

"ಮದಲ ಒಂದಿನ ಆ ಕೋಶಗೋಳ್ನ ಉಪಾಸ ಕೆಡವ್ತಿದ್ದೆ. ಹೊಟ್ಟಿ ತುಂಬಿದಾಗ ಯಾರ ಮಾತೂ ಕಿವಿಗಿ ಹೋಗಂಗಿಲ್ಲ. ಅವಕ್ಕೂ ಅಷ್ಟ, ನಮಗೂ ಅಷ್ಟ. ಆಮ್ಯಾಲ ಒಂದು ಅಂಶ ಹಾಕಿದ್ರ ಜಾಸ್ತಿ ಬಿಡ್ತಾವ. ಇನ್ನೊಂದು ಹಾಕಿದ್ರ ಕಡಿಮಿ. ಎರಡೂ ಕೂಡಿಸಿ ಹಾಕಿದ್ರ ಮೂರನೇದೇ ಏನರ ಮಾಡ್ತಾವ. ಅತ್ತಿ ಒಂದ್ ಹೇಳಿ, ಗಂಡ ಒಂದ್ ಹೇಳಿದಾಗ ಸೊಸಿ ಮಾಡ್ತಾಳಲ್ಲ, ಹಂಗ."

ಇಷ್ಟು ಹೇಳಿ, ಹೊರಗೆ ನೋಡುತ್ತ ಇನ್ನೊಂದು ಮಾತು ಸೇರಿಸಿದರು: "ಆದ್ರ ತಟ್ಟ್ಯಾಗ ನಾಕ್ ದಿನ ಕಳದ್ರ ಅವು ತವರು ಮರೀತಾವ. ಗುಣಾನೇ ಬ್ಯಾರೆ ಆಗಿಬಿಡ್ತದ. ಅಲ್ಲಿ ಕಂಡಿದ್ದು ಅಲ್ಲಿಗಷ್ಟ ಖರೇ." ಆಗ ಈ ಮಾತನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು.

ದವಾಖಾನೆ ಹೈದರಾಬಾದಿನ ಒಂದು ತುದಿಗೆ, ಲ್ಯಾಬು ಇನ್ನೊಂದು ತುದಿಗೆ. ನಡುವೆ ಸಿಟಿ ಬಸ್ಸು. ಆ ನೀರು ಮೈಯ ಬಿಸಿಯಲ್ಲೇ ಇರಬೇಕು, ತಣ್ಣಗಾದರೆ ಕೋಶಗಳಿಗೆ ಪೆಟ್ಟು. ಬಿಸಿ ಕಾಯುವ ಡಬ್ಬಿ ಅವರ ಲ್ಯಾಬಿನಲ್ಲಿ ಇತ್ತು, ಆದರೆ ಅದು ಮೊದಲಿನಿಂದಲೂ ಕೆಟ್ಟಿತ್ತು. ಈರಮ್ಮ ಮೇಡಂ ಆ ನೀರು ತುಂಬಿದ ನಳಿಕೆಗೆ ಬಿರಡೆ ಬಿಗಿದು, ಬಟ್ಟೆ ಸುತ್ತಿ, ಸೀರೆಯ ನೆರಿಗೆಯ ಒಳಗೆ ಹೊಟ್ಟೆಗೆ ಒತ್ತಿ ಉಡಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ನಮ್ಮೂರ ಹೆಂಗಸರು ಹೊಲದಿಂದ ಹೆಸರುಕಾಯಿಯನ್ನು ಉಡಿಯಲ್ಲಿ ತರುವಂತೆಯೇ. ಒಂದು ಸಲ ತುಂಬಿದ ಬಸ್ಸಿನಲ್ಲಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬೆವರುತ್ತ ನಿಂತಿದ್ದವರನ್ನು ನೋಡಿ ಬುರ್ಖಾ ಹಾಕಿದ ಒಬ್ಬ ಮುದುಕಿ ಎದ್ದು ನಿಂತಳಂತೆ. "ಬೈಠೋ ಬೇಟಿ, ಐಸೀ ಹಾಲತ್ ಮೇಂ ಖಡೇ ನಹೀ ರೈನಾ" ಅಂದಳಂತೆ, ಇಂಥ ಸ್ಥಿತಿಯಲ್ಲಿ ನಿಲ್ಲಬಾರದು ಮಗಳೇ ಎಂದು.

"ನೀವು ಏನಂದ್ರಿ?" ಎಂದು ಕೇಳಿದೆ.

"ಏನನ್ಲಿ? ಇಲ್ಲ ಅನ್ಲಿಲ್ಲ. ಕುಂತೆ. ಇಳಿಯೋತನಕ ಆ ಮುದುಕಿ ನನ್ನ ಹೆಗಲ ಮ್ಯಾಲ ಕೈ ಇಟ್ಟಿದ್ಳು ನೋಡವಾ. ಅವತ್ತೊಂದಿನ ನಾನೂ ಬಸರಿ" ಅಂದರು.

ನಮ್ಮ ಕಡೆ ಉಡಿ ತುಂಬುವುದೆಂದರೆ ಸಣ್ಣ ಮಾತಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಅಡಿಕೆ, ಕುಬಸದ ಖಣ, ಇಷ್ಟನ್ನು ಮುತ್ತೈದೆಯ ಸೆರಗಿಗೆ ಹಾಕಿ, ನಿನ್ನ ಉಡಿ ತುಂಬಿರಲಿ ಎಂದು ಹರಸುತ್ತಾರೆ. ಬಸುರಿಗೆ ತುಂಬುತ್ತಾರೆ, ದೇವಿಗೆ ತುಂಬುತ್ತಾರೆ. ಲಗ್ನವಾಗದೆ ತಲೆ ನರೆತವಳ ಮುಂದೆ ಆ ತಟ್ಟೆ ಬರುವುದಿಲ್ಲ. ಸಹೋದ್ಯೋಗಿಗಳ ಮನೆಯಲ್ಲಿ ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆ ನಾವಿಬ್ಬರೂ ಕೂಡಿಯೇ ಹೋಗುತ್ತಿದ್ದೆವು. ತಟ್ಟೆ ಹೊತ್ತವರು ಮುತ್ತೈದೆಯಾದ ನನ್ನ ಹತ್ತಿರ ನಿಲ್ಲುವರು, ಅವರನ್ನು ದಾಟಿ ಮುಂದಿನವಳ ಹತ್ತಿರ ಹೋಗುವರು. ಆಗ ಅವರು ಬಹಳ ಮನಸ್ಸಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅಂಥವರ ಮನೆಯ ಮುಂದೆ ಒಂದು ದಿನ ಹೆಂಗಸರು ಉಡಿಯ ಸಾಮಾನು ಹಿಡಿದು ಸಾಲು ನಿಂತರು ಎಂದರೆ ಯಾರು ನಂಬಬೇಕು? ಆದದ್ದು ಇಷ್ಟು. ಮಹಿಳಾ ದಿನಕ್ಕೆ ಕಾಲೇಜಿನಲ್ಲಿ ಅವರ ಭಾಷಣ ಇತ್ತು. ಊರ ಹೆಂಗಸರನ್ನೂ ಕರೆದಿದ್ದರು. "ಒಂದು ಹನಿ ಹಾಕಿದೆ, ಕೋಶಗಳು ಎರಡು ಪಟ್ಟು ಪ್ರೋಟೀನ್ ಬಿಟ್ಟವು" ಎಂದು ಇವರು ಹೇಳಿದ್ದು ಊರಿನ ತುಂಬ ಹಬ್ಬುವ ಹೊತ್ತಿಗೆ ಮೇಡಂ ಹತ್ತಿರ ಮಕ್ಕಳಾಗುವ ಹನಿ ಔಷಧ ಇದೆ ಎಂದಾಯಿತು. ನಳಿಕೆಯನ್ನು ಉಡಿಯಲ್ಲಿ ತಂದ ಕಥೆಯೂ ಅದಕ್ಕೆ ಕೂಡಿಕೊಂಡಿತು. ಅಷ್ಟು ಹೆಂಗಸರ ಬೀಜವನ್ನು ಉಡಿಯಲ್ಲಿ ಹೊತ್ತವಳು, ಆಕೆಯ ಕೈಗುಣ ದೊಡ್ಡದು ಎಂದರು. ಶುಕ್ರವಾರ ಬಂತೆಂದರೆ ಬೋನಾಳದಿಂದ, ದೇವಾಪುರದಿಂದ ಹೆಂಗಸರು ಬಂದು ಕಟ್ಟೆಯ ಮೇಲೆ ಕೂರುವರು.

ಮೇಡಂ ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಿದ್ದರು: "ನಾ ಡಾಕ್ಟರ್ ಅಲ್ಲವಾ. ಅಂದ್ರ, ಡಾಕ್ಟರ್ ಅದೀನಿ, ಆದ್ರ ಆ ಡಾಕ್ಟರ್ ಅಲ್ಲ." ಇದನ್ನು ಕೇಳಿ ಅವರ ನಂಬಿಕೆ ಇನ್ನೂ ಗಟ್ಟಿಯಾಗುತ್ತಿತ್ತು. ಉಡಿ ತುಂಬಲು ಬಂದರೆ ಹಿಂದೆ ಸರಿಯುವರು. "ನನಗ ಆ ಪದ್ಧತಿ ಇಲ್ಲ. ನಿನ್ನ ಗಂಡನ್ನ ತೋರಿಸೀಯೇನು? ಮದಲ ಅವನ್ನ ಕರ್ಕೊಂಡು ಸರ್ಕಾರಿ ದವಾಖಾನಿಗಿ ಹೋಗು" ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು. ಗಂಡನ ಹೆಸರು ಎತ್ತಿದ ಕೂಡಲೇ ಅರ್ಧ ಸಾಲು ಖಾಲಿಯಾಗುತ್ತಿತ್ತು. ನಾನು ಚಹಾ ಕಾಸುತ್ತ ಒಳಗೊಳಗೇ ನಗುತ್ತಿದ್ದೆ. ಆ ನಗೆ ನನ್ನ ಮನೆಯ ಬಾಗಿಲಲ್ಲೇ ನಿಲ್ಲುತ್ತದೆ ಎಂದು ಗೊತ್ತಿರಲಿಲ್ಲ.

ನನ್ನ ತಂಗಿ ಗಂಗಾಳನ್ನು ಶಹಾಪುರದ ಕಿರಾಣಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದೆವು. ಗಂಡ ವೀರೇಶ ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ, ತಾಯಿ ಕೂತಾಗ ಕೂತು ಎದ್ದಾಗ ಏಳುವವನು. ಅತ್ತೆ ಸಿದ್ದಮ್ಮನದು ಆಡಳಿತ. ವರ್ಷಗಳು ಕಳೆದರೂ ಗಂಗಾ ಬಸುರಾಗಲಿಲ್ಲ. ಗಂಡನನ್ನು ತೋರಿಸಿದ್ದಾಯಿತು, ಅವನಲ್ಲಿ ದೋಷವಿಲ್ಲ. ಇವಳ ಎಎಂಎಚ್ ಬಹಳ ಕಡಿಮೆ ಎಂದು ಬಂತು. ವಯಸ್ಸು ಸಣ್ಣದು, ಆದರೆ ಅಂಡಾಶಯದಲ್ಲಿ ತತ್ತಿ ತೀರುತ್ತ ಬಂದಿದ್ದವು. ಸಿದ್ದಮ್ಮ ಮಗನಿಗೆ ಎರಡನೆಯ ಹೆಂಡತಿಯಾಗಿ ತನ್ನ ತಮ್ಮನ ಮಗಳ ಹೆಸರು ಎತ್ತತೊಡಗಿದಳು.

ಅಷ್ಟರಲ್ಲಿ ದೂರದ ಊರಿನ ಒಂದು ದವಾಖಾನೆಯ ಸುದ್ದಿ ಫೋನಿನಲ್ಲಿ ಬಂತು. ಹೆಂಗಸಿನ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರಲ್ಲಿರುವ ಗ್ರೋತ್ ಫ್ಯಾಕ್ಟರ್ ಬೇರೆ ಮಾಡಿ, ಸೂಜಿಯಿಂದ ಅಂಡಾಶಯಕ್ಕೇ ಬಿಡುತ್ತಾರಂತೆ. ಮುದಿ ಅಂಡಾಶಯ ಮತ್ತೆ ಹರೆಯಕ್ಕೆ ಬರುತ್ತದಂತೆ. ಗಂಗಾಳಿಗೆ ಒಂದು ಸಲ ಹಾಕಿಸಿದರು. ತಿರುಗಿ ಪರೀಕ್ಷೆ ಮಾಡಿಸಿದಾಗ ಎಎಂಎಚ್ ಏರಿತ್ತು. ಸಿದ್ದಮ್ಮ ಓಣಿಗೆಲ್ಲ ಪೇಡೆ ಹಂಚಿದಳು. ಇನ್ನು ಎರಡು ಸಲ ಹಾಕಿಸಿದರೆ ಕೆಲಸ ಆದಂತೆಯೇ ಎಂದು ದವಾಖಾನೆಯವರು ಹೇಳಿದ್ದರು. ಆದರೂ ಸಿದ್ದಮ್ಮನಿಗೆ ಒಂದು ಅನುಮಾನ. ಇಷ್ಟು ದೊಡ್ಡ ಕೆಲಸಕ್ಕೆ ಮೊದಲು ಕೈಗುಣದ ಮೇಡಂ ರಿಪೋರ್ಟು ಮುಟ್ಟಿ "ಹೌದು" ಅನ್ನಬೇಕು. ಅವರು ಹೌದೆಂದರೆ ಮುಂದಿನ ಸೂಜಿ. ಇಲ್ಲವೆಂದರೆ ತಮ್ಮನ ಮಗಳು.

ಎಲ್ಲರೂ ಸುರಪುರಕ್ಕೆ, ನಮ್ಮ ಮನೆಗೇ ಬಂದರು. ಮೇಡಂ ಬಂದಾಗ ಗಂಗಾ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ.

"ಮೇಡಂ, ಹೌದಂತ ಹೇಳಿಬಿಡ್ರಿ" ಎಂದಳು ಗಂಗಾ. "ಆಗಲಿ ಬಿಡಲಿ, ಹೌದನ್ರಿ. ನನಗೊಂದು ವರ್ಷ ಸಿಗ್ತದ. ಆ ಮನ್ಯಾಗ ಇನ್ನೊಂದು ವರ್ಷ ಇರ್ತೀನಿ."

"ಸೂಜಿ ಹಾಕಿದಾಗ ನೋವಾತೇನವಾ?"

"ಆತ್ರಿ. ಭಾಳ ಆತು. ಆದ್ರ ತಡ್ಕೋತೀನಿ."

ಮೇಡಂ ಅವಳ ತಲೆಯ ಮೇಲೆ ಕೈ ಇಡಲು ಹೋದವರು, ತಡೆದು, ಕೈಯನ್ನು ಕಂಕುಳಿಗೆ ಕೊಟ್ಟುಕೊಂಡು ಒಳಗೆ ನಡೆದರು. ಪಡಸಾಲೆಯಲ್ಲಿ ಎಲ್ಲರೂ ಕೂತು ನೋಡುತ್ತಿದ್ದರು. ಮೇಡಂ ಹಾಗೆಯೇ ಒಂದು ಗಳಿಗೆ ನಿಂತರು. ಕಾಗದಕ್ಕೆ ಎಂಥ ಬಿಸಿ ಎಂದು ನನಗೆ ಅನಿಸಿತು. ಆಮೇಲೆ ಎರಡೂ ರಿಪೋರ್ಟು ತೆಗೆದುಕೊಂಡು ಓದಿದರು.

"ಮದಲನೇ ಪರೀಕ್ಷೆ ಮಾಡಿಸಿದಾಗ ಗುಳಿಗಿ ತಗೋತಿದ್ದೇನು ಗಂಗವ್ವ? ಮುಟ್ಟು ಬರಾಬರ್ ಬರಲಿ ಅಂತ ಕೊಡ್ತಾರಲ್ಲ, ಅವು?"

ಗಂಗಾ ತಲೆ ತಗ್ಗಿಸಿದಳು. "ಹೌದ್ರಿ. ಸೂಜಿ ಹಾಕೋಕಿಂತ ಮದಲ ಬಿಡಿಸಿದ್ರು."

"ಹಂಗಾದ್ರ ಇದು ಏರಿಲ್ಲ ಯಜಮಾನ್ತಿ" ಎಂದು ಮೇಡಂ ಸಿದ್ದಮ್ಮನ ಕಡೆ ತಿರುಗಿದರು. "ಆ ಗುಳಿಗಿ ತಗೊಂಡ್ರ ಇದು ತಾನೇ ಇಳೀತದ. ಬಿಟ್ರ ಮದಲಿನ ಜಾಗಕ್ಕ ಬರ್ತದ. ಅಷ್ಟೇ ಆಗ್ಯದ. ಅದೂ ಅಲ್ಲದ ಎರಡೂ ಬ್ಯಾರೆ ಬ್ಯಾರೆ ಲ್ಯಾಬಿನವು. ಒಂದರ ಅಳತಿ ಇನ್ನೊಂದಕ್ಕ ಹತ್ತಂಗಿಲ್ಲ. ಸೂಜಿಯಿಂದ ಆಗ್ಯದಂತ ನಾ ಹೇಳಂಗಿಲ್ಲ."

"ನೀವೇ ಭಾಷಣದಾಗ ಹೇಳೀರಲ್ರಿ? ಹಾಕಿದ್ರ ಎರಡು ಪಟ್ಟು ಆತಂತ?"

"ತಟ್ಟ್ಯಾಗ ಆತು. ತಟ್ಟ್ಯಾಗ ಆಗಿದ್ದು ಹೊಟ್ಟ್ಯಾಗ ಆಗ್ತದಂತ ನಾ ಎಂದೂ ಅಂದಿಲ್ಲ. ಮತ್ತ ಪ್ರೋಟೀನ್ ಏರಿದ್ರ ತತ್ತಿ ಹುಟ್ಟಂಗಿಲ್ಲ. ಇನ್ನೂ ಒಂದೀಟು ಉಳದಾವ. ಮಕ್ಕಳು ಬೇಕಂದ್ರ ಈ ಸೂಜಿ ಬಿಟ್ಟು, ಇರೋ ತತ್ತಿ ತಗಿಸಿ ಕೂಸು ಮಾಡೋ ದವಾಖಾನಿಗಿ ಈಗೇ ಹೋಗ್ರಿ. ಆಗ್ತದ ಅನ್ನೋ ಖಾತ್ರಿ ಅಲ್ಲಿಯೂ ಇಲ್ಲ. ಆದ್ರ ತಡ ಮಾಡಬ್ಯಾಡ್ರಿ. ಈ ಹುಡುಗಿ ಹತ್ರ ಟೈಮ್ ಇಲ್ಲ."

ಇಷ್ಟು ಮಾತಿನಲ್ಲಿ ಸಿದ್ದಮ್ಮನ ಕಿವಿಗೆ ಬಿದ್ದದ್ದು ಒಂದೇ: ಖಾತ್ರಿ ಇಲ್ಲ. ಅವಳು ಎದ್ದು ಸೆರಗು ಕೊಡವಿಕೊಂಡಳು. "ಹಡೀಲಾರದಕಿ ಬಾಯಿಲೆ ಚಲೋ ಮಾತು ಬರ್ತದೇನು? ತನಗಿಲ್ಲದ್ದು ಮಂದಿಗಿ ಯಾಕ ಆಗಲಿ ಅಂತ ಹೊಟ್ಟಿಕಿಚ್ಚು" ಎಂದಳು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮೇಡಂ ರಿಪೋರ್ಟುಗಳನ್ನು ಜೋಡಿಸಿ ವೀರೇಶನ ಕೈಗೆ ಕೊಟ್ಟರು. ಅವನು ತಾಯಿಯ ಮುಖ ನೋಡಿದ. ಗಂಗಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅಳಲಿಲ್ಲ.

ಮುಂದಿನ ಶ್ರಾವಣಕ್ಕೆ ಮೊದಲೇ ವೀರೇಶ ಒಂದು ಗುಡಿಯಲ್ಲಿ ತನ್ನ ಸೋದರಮಾವನ ಮಗಳಿಗೆ ತಾಳಿ ಕಟ್ಟಿದ. ಗಂಗಾಳನ್ನು "ನಾಕ್ ದಿನ ಅಕ್ಕನ ಮನ್ಯಾಗ ಇದ್ದು ಬಾ" ಎಂದು ಕಳಿಸಿದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಮುಂದೆ ಎರಡನೆಯವಳಿಗೆ ಗಂಡು ಕೂಸಾಯಿತು ಎಂದೂ ಸುದ್ದಿ ಬಂತು.

ಗಂಗಾ ಬಂದಾಗಲೇ ನಾನು ಈರಮ್ಮ ಮೇಡಂ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಒಂದು ಸುಳ್ಳು ಹೇಳಿದ್ದರೆ ನಿಮ್ಮ ವಿಜ್ಞಾನವೇನು ಮುಳುಗುತ್ತಿತ್ತೇ ಎಂದೆ. ಅವರು ಹೊಸ್ತಿಲ ಮೇಲೆ ಕೂತು ಪೂರ್ತಿ ಕೇಳಿದರು.

"ಸುಳ್ಳು ಹೇಳಬೇಕಂತಲೇ ಒಳಗ ಬಂದಿದ್ದೆ ನೀಲಮ್ಮ" ಎಂದರು. "ರಿಪೋರ್ಟ್ ಕೈಯಾಗ ಹಿಡಿಯೋತನಕ ಅದೇ ಇತ್ತು. ಆದ್ರ ಹೌದಂದಿದ್ರ ಆ ಸೂಜಿ ಮತ್ತ ಚುಚ್ತಿದ್ರು. ಇರೋ ನಾಕ್ ತತ್ತಿ ಆ ವರ್ಷದಾಗ ಹೋಗ್ತಿದ್ವು. ಆಮ್ಯಾಲೂ ಇದೇ ಆಗ್ತಿತ್ತು. ನೋವು ತಿಂದು ಬರ್ತಿದ್ಳು, ಈಗ ನೋವಿಲ್ಲದ ಬಂದಾಳ. ಅಷ್ಟೇ ಫರಕ್."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಆದರೆ ಸಿಟ್ಟು ಹೋಗಿದೆಯೇ ಎಂದು ಕೇಳಿದರೆ ಪೂರ್ತಿ ಹೋಗಿಲ್ಲ. ಒಂದು ವರ್ಷವೆಂದರೆ ಒಂದು ವರ್ಷ. ಮುಳುಗುವವಳು ಕೈ ಚಾಚಿದಾಗ ನೀರಿನ ಆಳ ಹೇಳುತ್ತ ನಿಲ್ಲುವುದು ನನ್ನ ಸ್ವಭಾವವಲ್ಲ.

ಶುಕ್ರವಾರದ ಸಾಲು ನಿಂತುಹೋಯಿತು. ಸಿದ್ದಮ್ಮನ ಮಾತು ಶಹಾಪುರದಿಂದ ಸುರಪುರಕ್ಕೆ ಬಸ್ಸಿಗಿಂತ ಮೊದಲೇ ಬಂದಿತ್ತು. ಕಾರ್ಯಗಳಿಗೆ ಮೊದಲು ಕರೆದು ದಾಟಿ ಹೋಗುತ್ತಿದ್ದರು, ಈಗ ಕರೆಯುವುದನ್ನೇ ಬಿಟ್ಟರು. ಓಣಿಯಲ್ಲಿ ಬಸುರಿಯರು ಅವರನ್ನು ಕಂಡರೆ ಸೆರಗು ಮುಂದೆ ಎಳೆದುಕೊಳ್ಳುವರು. ಮೇಡಂ ಮಾತ್ರ ದಿನಾ ಸಂಜೆ ನಮ್ಮ ಮನೆಗೆ ಬಂದು ಕೂರುತ್ತಿದ್ದರು. ನಾನು ಮಾತಾಡಿಸದಿದ್ದರೂ ಬರುವರು. ಗಂಗಾ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಇವರು ಅವಳ ಕಾಲ ಹತ್ತಿರ ಕೂತು ಯಾವುದೋ ಪುಸ್ತಕ ಓದುವರು, ಕತ್ತಲಾದರೆ ಎದ್ದು ಹೋಗುವರು. ಕ್ಷಮಿಸು ಎಂದು ಒಂದು ದಿನವೂ ಹೇಳಲಿಲ್ಲ.

ಒಂದು ಭಾನುವಾರ ಅವರು ಗಂಗಾಳನ್ನು ಬೋನಾಳದ ಕೆರೆಗೆ ಕರೆದುಕೊಂಡು ಹೋದರು. ಚಳಿಗಾಲ, ದೂರದ ಹಕ್ಕಿಗಳು ಬಂದು ಇಳಿದಿದ್ದವು. ನಾನೂ ಹೋಗಿದ್ದೆ. ಏರಿಯ ಮೇಲೆ ಬಹಳ ಹೊತ್ತು ಕೂತ ಮೇಲೆ ಗಂಗಾ ತಾನಾಗಿಯೇ ಕೇಳಿದಳು: "ಮೇಡಂ, ನೀವು ಉಡಿಯಾಗ ತರ್ತಿದ್ರಲ್ಲ, ಆ ಹೆಣ್ಮಕ್ಳಿಗಿ ಮಕ್ಕಳಾದ್ವೇನ್ರಿ?"

"ಗೊತ್ತಿಲ್ಲವಾ. ಅವರ ಹೆಸರು ನನಗ ಹೇಳ್ತಿರಲಿಲ್ಲ. ನಳಿಕಿ ಮ್ಯಾಲ ನಂಬರ್ ಅಷ್ಟೇ. ಕೆಲವರಿಗಿ ಆಗಿರಬೇಕು. ಭಾಳ ಮಂದಿಗಿ ಆಗಿರಂಗಿಲ್ಲ."

"ಆಗದವರು ಏನ್ ಮಾಡ್ಯಾರ?"

"ಅದಾರ ಎಲ್ಲೋ. ನಮ್ಮಂಗ."

ಗಂಗಾ ಅವರ ಮುಖ ನೋಡಿದಳು. ಮನೆಗೆ ಬಂದ ಮೇಲೆ ಮೊದಲ ಸಲ ಅವಳು ಹೊಟ್ಟೆ ತುಂಬ ಅತ್ತದ್ದು ಅವತ್ತು, ಮೇಡಂ ಮಡಿಲಲ್ಲಿ ತಲೆ ಇಟ್ಟು. ಅಲ್ಲಿಂದ ಅವಳು ನನಗಿಂತ ಅವರಿಗೇ ಹೆಚ್ಚು ತಂಗಿಯಾದಳು. ಅರ್ಧಕ್ಕೆ ಬಿಟ್ಟಿದ್ದ ಡಿಗ್ರಿಗೆ ನಮ್ಮ ಕಾಲೇಜಿನಲ್ಲೇ ಮತ್ತೆ ಸೇರಿದಳು. ಲ್ಯಾಬಿನ ಬಾಗಿಲಲ್ಲಿ ಇಬ್ಬರೂ ಕಂಕುಳಿಗೆ ಕೈ ಕೊಟ್ಟು ಗೋಡೆಗೆ ನಿಂತಿರುವುದನ್ನು ನಾನೇ ಕಂಡಿದ್ದೇನೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಇರಲಿ.

ಹೋದ ಚಳಿಗಾಲದಲ್ಲಿ ಮೇಡಂ ಪಾಠ ಮಾಡುತ್ತಲೇ ಕುಸಿದರು. ಹೃದಯದ ತೊಂದರೆ. ಕಲಬುರಗಿಯ ದವಾಖಾನೆಗೆ ಸೇರಿಸಿದೆವು. ಕೊನೆಗೆ ನೋಡಿದಾಗ ಎರಡೂ ಕೈಯನ್ನು ಹೊದಿಕೆಯ ಒಳಗೆ ಬಚ್ಚಿಟ್ಟುಕೊಂಡು ಮಲಗಿದ್ದರು. ಗಂಗಾ ಕೈ ಹಿಡಿಯಲು ಹೋದಳು.

"ಬ್ಯಾಡ ತಂಗಿ. ತಣ್ಣಗಾಗ್ಯಾವ" ಎಂದರು.

ಗಂಗಾ ಕೇಳದೆ ಹೊದಿಕೆ ಸರಿಸಿ ಆ ಕೈಗಳನ್ನು ತನ್ನ ಕಂಕುಳಿಗೆ ಸಿಗಿಸಿಕೊಂಡಳು. ನರ್ಸ್ ಬಂದು ಹೊರಗೆ ಕಳಿಸುವ ತನಕ ಹಾಗೆಯೇ ಬಾಗಿ ಕೂತಿದ್ದಳು. ಮೇಡಂ ನನ್ನ ಕಡೆ ನೋಡಿ, "ಇನ್ನೂ ಸಿಟ್ಟದೇನು ನೀಲಮ್ಮ?" ಎಂದು ಕೇಳಿದರು. "ಅದ" ಎಂದೆ. "ಇರಲಿ. ಖರೇ ಹೇಳಿದಿ" ಎಂದು ನಕ್ಕರು. ಅವರು ನನ್ನೊಡನೆ ಆಡಿದ ಕಡೆಯ ಮಾತು ಅದೇ.

ಸಗರದಲ್ಲಿ ಅಣ್ಣನ ಹೊಲದಲ್ಲಿ ಕುಣಿ ತೆಗೆದಿದ್ದರು. ಅಂಗಳದಲ್ಲಿ, ಗೋಡೆಗೆ ಒರಗಿಸಿ ಕೂರಿಸಿದ್ದ ಮೇಡಂಗೆ ಹೊಸ ಸೀರೆ ಹೊದಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಮುತ್ತೈದೆ ಸತ್ತರೆ ಉಡಿ ತುಂಬಿ ಕಳಿಸುವುದು ನಮ್ಮ ಪದ್ಧತಿ. ಹಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಅವರ ಅತ್ತಿಗೆಯೇ, "ಲಗ್ನ ಆಗಿಲ್ಲ, ಆಕಿಗಿ ಉಡಿ ಬರಂಗಿಲ್ಲ. ಎತ್ರಿ, ಹೊತ್ತಾತು" ಎಂದಳು.

ಗಂಗಾ ಎದ್ದು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು ಇಟ್ಟುಕೊಂಡು ಬಂದಳು. ತನ್ನ ಚೀಲದಿಂದ ಒಂದು ಖಣ ತೆಗೆದು ಅದರ ಮೇಲಿಟ್ಟಳು.

"ನೀ ಯಾಕವಾ ತುಂಬ್ತಿ? ನಿನ್ನ ಗಂಡ ಬಿಟ್ಟಾನಲ್ಲ" ಎಂದಿತು ಗುಂಪಿನಲ್ಲಿ ಒಂದು ದನಿ.

"ಬಿಟ್ಟಾನ, ಸತ್ತಿಲ್ಲ" ಎಂದಳು ಗಂಗಾ. "ಅವನು ಇರೋತನಕ ನಾ ಮುತ್ತೈದಿನೇ. ಅವನಿಂದ ಅಷ್ಟರ ಉಪಯೋಗ ಆಗಲಿ. ಎಷ್ಟು ಹೆಣ್ಮಕ್ಳ ಜೀವ ಈ ಉಡಿಯಾಗ ಕುಂತು ಬಂದಾವ, ನಿಮಗ ಮಾಲೂಮ್ ಅದೇನು? ಇದನ್ನ ಖಾಲಿ ಕಳಿಸ್ತೀರಾ?"

ನಾನು ಮುಂದೆ ಹೋಗಿ ಮೇಡಂ ಸೀರೆಯ ಸೆರಗನ್ನು ಎರಡೂ ಕೈಯಿಂದ ಹರಡಿ ಹಿಡಿದೆ. ಗಂಗಾ ತಟ್ಟೆಯಲ್ಲಿದ್ದುದನ್ನು ತಕ್ಷಣ ಹಾಕಲಿಲ್ಲ. ಮೊದಲು ಎಲ್ಲವನ್ನೂ ತನ್ನ ಉಡಿಗೆ ಸುರಿದುಕೊಂಡು, ಹೊಟ್ಟೆಗೆ ಒತ್ತಿ ಹಿಡಿದು, ಅಂಗಳದ ನಡುವೆ ಕಣ್ಣು ಮುಚ್ಚಿ ನಿಂತಳು. ಹೊರುವವರು ಹೊತ್ತಾಯಿತೆಂದು ಕೆಮ್ಮಿದರು. ಅವಳು ಅಲುಗಲಿಲ್ಲ. ಅಕ್ಕಿ ಬೆಚ್ಚಗಾದ ಮೇಲೆ ಬಾಗಿ, ಒಂದು ಕಾಳೂ ಚೆಲ್ಲದ ಹಾಗೆ, ಈರಮ್ಮ ಮೇಡಂ ಉಡಿಗೆ ತುಂಬಿದಳು.